ಅಕ್ಕನ ಕೊನೆಯ ಟೇಕ್

ನಲವತ್ತು ವರ್ಷ ಹಾಡಿ, ನಗಿಸಿ, ವೇದಿಕೆ ಆಳಿದ ಆ ಗಾಯಕಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ನಾನು ಅವರ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದವನು. ಕೊನೆಯ ಹಾಡಿನ ದಿನ ಮೇಲಿನ ಸ್ವರದಲ್ಲಿ ಅವರ ದನಿ ಒಡೆಯಿತು.

"ಇನ್ನೊಂದ್ಸಲ ಹಾಡ್ಲೇನೋ ತಮ್ಮಾ?" ಎಂದರು.

"ಬೇಡ ಅಕ್ಕಾ, ಚಿನ್ನದ ಹಾಗ್ ಬಂದಿದೆ" ಎಂದು ಬಾಯಿತುಂಬ ಸುಳ್ಳು ಹೇಳಿ ಕಳಿಸಿದೆ. ಮರುದಿನವೇ ಅವರ ದನಿ ಅಳಿಸಿ, ಅವರ ಶಿಷ್ಯೆಯಿಂದ ಹಾಡಿಸಿದೆ. ಹಾಡು ಬಿಡುಗಡೆಯಾದಾಗ ಅಕ್ಕ ಫೋನ್ ಮಾಡಿದರು. "ಹುಡುಗಿ ಚೆನ್ನಾಗ್ ಹಾಡಿದಾಳೆ ಕಣೋ" ಎಂದರು, ಅಷ್ಟೇ. ಮತ್ತೆ ಸ್ಟುಡಿಯೋಗೆ ಬರಲಿಲ್ಲ. ಆರು ತಿಂಗಳಿಗೆ ತೀರಿಕೊಂಡರು.

ಅದಾದ ವಾರಕ್ಕೆ, ಮಟಮಟ ಮಧ್ಯಾಹ್ನ, ಒಬ್ಬನೇ ಸ್ಟುಡಿಯೋ ತೆರೆದೆ. ಹೆಡ್‌ಫೋನ್ ಹಾಕಿಕೊಂಡರೆ ಯಾರೋ ಈಗಷ್ಟೇ ತೆಗೆದಿಟ್ಟಂತೆ ಬೆಚ್ಚಗಿತ್ತು. ಹಾಡುವ ಕೋಣೆಯ ಗಾಜಿನಾಚೆ ಮೈಕ್ ಅಕ್ಕನ ಎತ್ತರಕ್ಕೆ ತಗ್ಗಿತ್ತು. ಕಿವಿಯಲ್ಲಿ, ಹಾಡುವ ಮುನ್ನ ಅವರು ಎಳೆದುಕೊಳ್ಳುತ್ತಿದ್ದ ಅದೇ ದೀರ್ಘ ಉಸಿರು ಕೇಳಿಸಿತು.

ಹೆಡ್‌ಫೋನ್ ತೆಗೆಯಲಿಲ್ಲ. "ಹಾಡಿ ಅಕ್ಕಾ" ಎಂದು ರೆಕಾರ್ಡ್ ಒತ್ತಿದೆ. ನಾಲ್ಕು ನಿಮಿಷ ದನಿ ಅಳೆಯುವ ಮೀಟರಿನ ಮುಳ್ಳು ಏರಿ ಇಳಿಯಿತು. ನನಗೆ ಮಾತ್ರ ಒಂದು ಸ್ವರವೂ ಕೇಳಿಸಲಿಲ್ಲ.

ಮರುದಿನ ಏನೂ ಹೇಳದೆ ಆ ರೆಕಾರ್ಡಿಂಗನ್ನು ಶಿಷ್ಯೆಗೆ ಕೇಳಿಸಿದೆ. ಪೂರ್ತಿ ಕೇಳಿ ಹೆಡ್‌ಫೋನ್ ತೆಗೆದಾಗ ಅವಳ ಕಣ್ಣು ತುಂಬಿತ್ತು.

"ಅಕ್ಕ ಇಷ್ಟ್ ಚೆನ್ನಾಗ್ ಹಾಡಿದ್ರಲ್ಲ ಸರ್, ಮತ್ತೆ ನನ್ ಕೈಲಿ ಯಾಕ್ ಹಾಡಿಸಿದ್ರಿ?"

ಆಮೇಲೆ ಎಷ್ಟೋ ಸಲ ಹಾಕಿ ಕೇಳಿದ್ದೇನೆ. ನನ್ನ ಕಿವಿಗೆ ಇವತ್ತಿಗೂ ಅದರಲ್ಲಿ ಏನೂ ಬೀಳುವುದಿಲ್ಲ.