ಸೂರಿನ ಕರಟ

“ಅಯ್ಯೋ ಶಿವನೇ, ನನ್ನ ಗಂಡ ಎಲ್ಲೋದ?”

ಚಿಕ್ಕಗಂಗಮ್ಮ ಯಾರನ್ನೂ ಕೇಳಲಿಲ್ಲ. ತೆಂಗಿನ ಸಾಲಿನ ಕಡೆ ಮುಖಮಾಡಿ ಕೂಗಿದಳು. ತೋಟದ ಯಜಮಾನ ಮರುಳಪ್ಪನ ಕೊಟ್ಟಿಗೆಯಲ್ಲಿ ಅವಳ ಗಂಡ ಕರಿಯಣ್ಣ ಮಲಗುತ್ತಿದ್ದ ಮೂಲೆ ಸಾರಿಸಿತ್ತು. ಕಂಬಳಿ ಇಲ್ಲ, ಕುಡುಗೋಲಿಲ್ಲ.

ಸರ್ಕಾರ ಜೀತ ರದ್ದು ಮಾಡಿ ವರ್ಷವೂ ತುಂಬಿರಲಿಲ್ಲ. ಗಂಡನನ್ನು ಬಿಡಿಸಿ ಎಂದು ಅವಳು ಕೊಟ್ಟ ಅರ್ಜಿಗೆ ಅಂದೇ ಮಧ್ಯಾಹ್ನ ತಿಪಟೂರಿನಲ್ಲಿ ವಿಚಾರಣೆ. ಕರಿಯಣ್ಣ ಸಾಹೇಬರ ಎದುರು ನಿಲ್ಲದಿದ್ದರೆ ಅರ್ಜಿ ವಜಾ — ಮುಂದೆ ಮಗನ ಕುತ್ತಿಗೆಗೂ ಅದೇ ನೊಗ.

ಅವಳ ದೂರಿನ ಮೇಲೆ ಪೇದೆಗಳೊಂದಿಗೆ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಶಂಭುಲಿಂಗಯ್ಯ ಯಜಮಾನನತ್ತ ತಿರುಗಿದರು. ಮರುಳಪ್ಪನ ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ.

“ಕರಿಯಣ್ಣ ಎಲ್ಲಿ?”

“ಯಾವ ಕರಿಯಣ್ಣ ಸಾರ್? ಹಿಂದೆ ಒಬ್ಬ ಇದ್ದ, ಬಿಟ್ಟೋದ. ಎರಡು ವರ್ಷದಿಂದ ಇಲ್ಲಿ ಜೀತಕ್ಕೆ ಯಾರೂ ಇಲ್ಲ.”

“ನೆನ್ನೆ ಸಂಜೆ ನಾನೇ ಬುತ್ತಿ ಕೊಟ್ಟು ಬಂದೀನಿ ಸ್ವಾಮಿ!”

“ಯಾರಿಗೆ ಕೊಟ್ಯೋ! ಹುಳಿಯಾರಲ್ಲಿ ಇನ್ನೊಬ್ಬಳ ಮನೇಲಿರ್ತಾನೆ, ಹೋಗ್ ನೋಡ್ಕೊಳ್ಳೇ.”

“ಸಂತೆಗೂ ಬುಡ್ದೋರು ಹುಳಿಯಾರಿಗೆ ಬುಟ್ರಾ?”

ಶಂಭುಲಿಂಗಯ್ಯ ಮನೆ, ಬಾವಿ, ಹುಲ್ಲಿನ ಮೆದೆ ಎಲ್ಲ ನೋಡಿದರು. ಕೊಬ್ಬರಿ ಅಟ್ಟದ ಏಣಿಗೆ ಕೈಹಾಕಿದಾಗ ಮರುಳಪ್ಪ ಅಡ್ಡ ಬಂದ.

“ಅಟ್ಟದ ಕಾಯಿ ಅಲುಗಿಸಬಾರದು ಸಾರ್. ವರ್ಷದ ಕೊಬ್ಬರಿ ಹಾಳಾಗೋಗುತ್ತೆ.”

ಮಾತು ನಿಜವೇ. ಅವರು ಹಿಂದೆ ಸರಿದರು.

“ಹೊತ್ತು ಏರ್ತಾ ಐತೆ ಸ್ವಾಮಿ...” ಚಿಕ್ಕಗಂಗಮ್ಮನ ದನಿ ಒಡೆಯಿತು.

ಹಿತ್ತಲ ಸೂರಿನ ಸಂದಿಯಲ್ಲಿ ಒಂದು ತೆಂಗಿನ ಕರಟ ಸಿಕ್ಕಿಸಿತ್ತು. ಶಂಭುಲಿಂಗಯ್ಯ ತೆಗೆದು ಒಳಗೆ ಬೆರಳಾಡಿಸಿದರು. ಒದ್ದೆ!

“ಇದರಲ್ಲಿ ನೀರು ಕುಡಿಯುವವರು ಯಾರು?”

“ಅದು... ನಾಯಿಗೆ.”

“ನಿಮ್ಮ ನಾಯಿ ಕುಡಿದು ಸೂರಿಗೆ ಸಿಕ್ಕಿಸುತ್ತದೆಯೇ?”

ಶಂಭುಲಿಂಗಯ್ಯ ಕರಟ ಮುಂದೆ ಚಾಚಿದರು; ಮರುಳಪ್ಪ ಮೈಗೆ ತಾಗದಂತೆ ಹಿಂದೆ ಸರಿದ.

“ಕಂಬಳಿಯನ್ನು ಅವನ ಕೈಯಲ್ಲೇ ಹೊರಿಸಿದಿರಿ. ಅವನು ಎದ್ದ ಮೇಲೆ ನೆಲ ಸಾರಿಸಿದಿರಿ. ಇದನ್ನೇಕೆ ಬಿಟ್ಟಿರಿ? ಜೀತದವನ ಎಂಜಲು, ಮುಟ್ಟಿದರೆ ಮೈಲಿಗೆ. ಮನೆಯವರು ಒಬ್ಬರೂ ಕೈ ಹಾಕಲಿಲ್ಲ! ಬೆಳಿಗ್ಗೆ ಇದರಲ್ಲಿ ಕುಡಿದು ಇಲ್ಲಿ ಸಿಕ್ಕಿಸಿದವನು ಕರಿಯಣ್ಣನೇ. ಬಚ್ಚಿಟ್ಟವರು ನೀವೇ, ಮರುಳಪ್ಪ. ನಾನು ನೋಡದೆ ಉಳಿದದ್ದು ಅಟ್ಟ ಒಂದೇ.”

ಪೇದೆಗಳು ಹತ್ತಿದರು. ಕಾಯಿಗಳ ನಡುವೆ ಕೈಕಾಲು ಕಟ್ಟಿಸಿಕೊಂಡು, ಬಾಯಲ್ಲಿ ಬಟ್ಟೆ ತುರುಕಿಸಿಕೊಂಡು ಬಿದ್ದಿದ್ದ ಕರಿಯಣ್ಣ. ಇಳಿಸಿದಾಗ ಚಿಕ್ಕಗಂಗಮ್ಮ ಅವನ ಕಾಲು ಹಿಡಿದು ಅಲ್ಲೇ ಕುಸಿದಳು.

ಮರುಳಪ್ಪನ ದನಿ ಇಳಿಯಿತು. “ಕರಿಯಾ, ನೀನು ಮನೆಮಗ ಕಣಪ್ಪ. ‘ನನ್ನಿಷ್ಟದಿಂದಲೇ ಇಲ್ಲಿದ್ದೆ’ ಅಂತ ಸಾಹೇಬರ ಮುಂದೆ ಒಂದು ಮಾತು ಹೇಳು. ನನ್ನ ಮಾನ ಉಳಿಸು.”

ಕರಿಯಣ್ಣ ತುಟಿಗಂಟಿದ್ದ ತೆಂಗಿನ ನಾರು ಉಗಿದ.

“ಹೇಳಾಕಿಲ್ಲ.”