ಅರವತ್ತೆಂಟರಲ್ಲಿ ನಿಂತ ಸೂಜಿ

"ನೀವು ಇವತ್ತೇ ಬರಬೇಕು ಮೇಡಂ. ನಾಳೆ ಸಂಜೆಯೊಳಗೆ ಸಿಸ್ಟರನ್ನ ಅರೆಸ್ಟ್ ಮಾಡ್ತಾರಂತೆ."

ಬಾಗಿಲಲ್ಲಿ ನಿಂತಿದ್ದವಳು ನಿವೃತ್ತ ಹಡಗು ಕ್ಯಾಪ್ಟನ್ನರ ಮಗಳು. ಎರಡು ಬೀದಿ ಆಚೆಯ ಮನೆ. ಗಾಬರಿಯಲ್ಲಿ ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ನಾನು ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ.

ಮೇಡಂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ನಾನು ಅದೇ ಶಾಲೆಯ ಲ್ಯಾಬ್ ಅಟೆಂಡರ್. ಇಬ್ಬರಿಗೂ ನಿವೃತ್ತಿಯಾದರೂ ನಾನು ಅವರ ಗಾಜಿನ ನಳಿಕೆಗಳನ್ನು ತೊಳೆಯುವುದನ್ನು ಬಿಟ್ಟಿರಲಿಲ್ಲ, ಅವರು ನನ್ನನ್ನು ಗದರುವುದನ್ನೂ ಬಿಟ್ಟಿರಲಿಲ್ಲ. ಸುಳ್ಳು ಸಹಿಯಿರಲಿ, ಕಾಣೆಯಾದ ಒಡವೆಯಿರಲಿ, ಪೊಲೀಸರಿಗಿಂತ ಮೊದಲು ಜನ ನಮ್ಮ ಮೆಟ್ಟಿಲು ಹತ್ತುವುದು ರೂಢಿಯಾಗಿತ್ತು.

"ನಿಮ್ಮ ತಂದೆ ಹೇಗಿದಾರೆ?" ಎಂದರು ಮೇಡಂ.

"ಆಸ್ಪತ್ರೆಯಲ್ಲಿದಾರೆ. ಇನ್ನೂ ಪ್ರಜ್ಞೆ ಬಂದಿಲ್ಲ. ಸೋಮವಾರ ಅವರು ಸೇದಿದ ಸಿಗಾರಿನಲ್ಲಿ ವಿಷ ಇತ್ತಂತೆ. ಸಿಗಾರ್ ಹೊತ್ತಿಸಿ ಬಾಯಿಗೆ ಇಟ್ಟವಳು ಅವರನ್ನ ನೋಡಿಕೊಳ್ಳೋ ನರ್ಸ್, ನಮ್ಮ ಸಿಸ್ಟರ್. ಹಿಂದಿನ ದಿನ ಇಬ್ಬರಿಗೂ ಜಗಳ ಆಗಿತ್ತು. 'ಈ ಹೊಗೆ ಬಿಡದಿದ್ರೆ ನಾನೇ ಕೆಲಸ ಬಿಡ್ತೀನಿ' ಅಂತ ಅವಳು ಬೆಂಕಿಪೊಟ್ಟಣ ಬಚ್ಚಿಟ್ಟಿದ್ದಳು. ಪೊಲೀಸರಿಗೆ ಅಷ್ಟೇ ಸಾಕಾಯ್ತು." ಅವಳ ದನಿ ಇಳಿಯಿತು. "ಮೇಡಂ, ಅವಳಲ್ಲ ಅಂತಾದ್ರೆ ನನ್ನ ಗಂಡನ ಮೇಲೆ ಬರುತ್ತೆ. ಅವತ್ತು ಬೆಳಿಗ್ಗೆ ಅಪ್ಪನ ಕೋಣೇಲಿ ಒಂದು ಗಂಟೆ ಒಬ್ಬರೇ ಇದ್ದರು. ಫೋಟೋ ಸ್ಟುಡಿಯೊ ಅವರದು, ಫೋಟೋ ತೊಳೆಯೋ ಔಷಧಿ ಬಾಟಲಿಗಳಿಗೆ ಕೊರತೆಯಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಿಮ್ಮ ಹತ್ರ ಬಂದೆ."

ಮೇಡಂ ಕನ್ನಡಕದ ಡಬ್ಬಿ ಕೈಗೆತ್ತಿಕೊಂಡರು. ಹೊರಡೋಣ ಎಂದರ್ಥ.

ಕ್ಯಾಪ್ಟನ್ನರ ಕೋಣೆ ಹಡಗಿನ ಕ್ಯಾಬಿನ್ನಿನಂತೆ ಒಪ್ಪವಾಗಿತ್ತು. ಕಿಟಕಿಯ ಬಳಿ ಒಂದು ಮೇಜು, ಮೇಜಿನ ಮೇಲೆ ಹಿತ್ತಾಳೆಯ ತಟ್ಟೆ, ಪಕ್ಕದಲ್ಲಿ ಹಾರ್ಮೋನಿಯಂನಷ್ಟು ದೊಡ್ಡದಾದ ಮರದ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಒಳಗೆಲ್ಲ ದೇವದಾರಿನ ಹಲಗೆ, ಆ ಪರಿಮಳಕ್ಕೆ ಬೀಡಿಯನ್ನೂ ಮುಟ್ಟದ ನನ್ನಂಥವನ ಮೂಗೂ ಅರಳಿತು. ಮುಚ್ಚಳದ ಒಳಬದಿಗೆ ಒದ್ದೆ ಸ್ಪಂಜಿನ ಸಣ್ಣ ಡಬ್ಬಿ, ಅದರ ಪಕ್ಕ ಗಡಿಯಾರದಂಥ ಒಂದು ತೇವಮಾಪಕ. ಸೂಜಿ ಅರವತ್ತೆಂಟರಲ್ಲಿ ನಿಂತಿತ್ತು.

"ಈ ಚುಟ್ಟಾಗಳಿಗೆ ಇಷ್ಟೊಂದು ಉಪಚಾರವೇ?" ಎಂದೆ.

"ಎಲೆ ಒಣಗಿದರೆ ಹೊಗೆ ಗಂಟಲು ಸುಡುತ್ತೆ, ತೇವ ಜಾಸ್ತಿಯಾದರೆ ಬೂಷ್ಟು ಹಿಡಿಯುತ್ತೆ, ಸೂಜಿ ಎಪ್ಪತ್ತರ ಆಸುಪಾಸಲ್ಲೇ ಇರಬೇಕು," ಎಂದಳು ಮಗಳು. "ಸ್ಪಂಜಿಗೆ ನಲ್ಲಿ ನೀರು ಸಹ ಹಾಕಬಾರದು, ಬಟ್ಟಿ ಇಳಿಸಿದ ನೀರೇ ಆಗಬೇಕು. ನನ್ನನ್ನೂ ಇಷ್ಟು ಜೋಪಾನವಾಗಿ ಸಾಕಲಿಲ್ಲ ಅಂತ ರೇಗಿಸ್ತಿದ್ದೆ." ನಗಲು ಹೋದವಳಿಗೆ ಅಳು ಬಂತು.

ಕ್ಯಾಪ್ಟನ್ನರ ದಿನಚರಿ ಹೀಗೆ. ಮೂರೂವರೆಗೆ ಪೆಟ್ಟಿಗೆ ತೆರೆದು ಒಂದು ಸಿಗಾರ್ ಆರಿಸಿ, ಬೆರಳಲ್ಲಿ ಒತ್ತಿ ನೋಡಿ, ಹಿತ್ತಾಳೆಯ ತಟ್ಟೆಯಲ್ಲಿಡುವುದು. ಪುಸ್ತಕದಲ್ಲಿ ಒಂದು ಸಾಲು ಬರೆಯುವುದು. ಆಮೇಲೆ ಗಾಲಿಕುರ್ಚಿಯಲ್ಲಿ ಜಗಲಿಗೆ ಹೋಗಿ ಕಾಫಿ. ನಾಲ್ಕಕ್ಕೆ ಕೋಣೆಗೆ ಮರಳಿ ಬಂದ ಮೇಲೆ, ಕೈ ನಡುಗುತ್ತಿದ್ದುದರಿಂದ, ಸಿಸ್ಟರ್ ಹೊತ್ತಿಸಿ ಬಾಯಿಗಿಡುವುದು.

ಮೇಡಂ ಪುಸ್ತಕ ತೆಗೆದರು. ಸೋಮವಾರದ ಸಾಲು ವಕ್ರವಾಗಿದ್ದರೂ ಸ್ಪಷ್ಟವಾಗಿತ್ತು: "ಸೂಜಿ 68. ಮೇಲಿನ ಸಾಲು, ಎಡದಿಂದ ಮೊದಲನೆಯದು. ಮೃದು. ಉಳಿದದ್ದು 17." ನಾನು ಎಣಿಸಿದೆ. ಹದಿನೇಳು. ಪ್ರತಿಯೊಂದರ ಕಾಗದದ ಉಂಗುರದ ಮೇಲೂ, ಅದು ಮನೆಗೆ ಬಂದ ತಿಂಗಳನ್ನು ಕ್ಯಾಪ್ಟನ್ ಪೆನ್ಸಿಲಿನಲ್ಲಿ ಬರೆದಿದ್ದರು. ಮೇಲಿನ ಸಾಲಿನವೆಲ್ಲ ಎರಡು ವರ್ಷ ಹಿಂದಿನ ಜೂನ್.

ಸಿಸ್ಟರ್ ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಹೊರಗೆ ಪೇದೆಯೊಬ್ಬ ಕಾವಲಿದ್ದ.

"ಹೊತ್ತಿಸುವಾಗ ಏನಾದ್ರೂ ಹೊಸದು ಅನ್ನಿಸಿತಾ?" ಎಂದರು ಮೇಡಂ.

"ಇಲ್ಲ ಮೇಡಂ... ಚರಚರ ಅಂತ ಸದ್ದು ಬಂತು. ಸುತ್ತಿದ್ದ ಎಲೆ ಬಿರುಕು ಬಿಡ್ತು. 'ಇವತ್ಯಾಕೋ ಗಂಟಲು ಸುಡ್ತಿದೆ' ಅಂದ್ರು ಕ್ಯಾಪ್ಟನ್. ಅಷ್ಟರಲ್ಲಿ..." ಸೆರಗು ಬಾಯಿಗೆ ಒತ್ತಿಕೊಂಡಳು. "ನಿಮ್ಮಾಣೆ, ಅವರು ಬದುಕಲಿ ಅಂತಲೇ ಬೆಂಕಿಪೊಟ್ಟಣ ಬಚ್ಚಿಟ್ಟಿದ್ದು."

ಅಷ್ಟರಲ್ಲಿ ಕ್ಯಾಪ್ಟನ್ನರ ತಮ್ಮ ಬಂದರು. ಬಂದರಿನಲ್ಲಿ ಹಡಗುಗಳ ಸುರಕ್ಷತೆ ತಪಾಸಣೆ ಮಾಡುವ ಅಧಿಕಾರಿಯಾಗಿದ್ದವರು. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಸಿಗಾರಿಡುವ ಚರ್ಮದ ಚೀಲ, ಮೃದು ಮಾತು.

"ಸಿಸ್ಟರಿಗೆ ಅನ್ಯಾಯ ಆಗಬಾರದು ಮೇಡಂ. ಪೊಲೀಸರಿಗೂ ಅದೇ ಹೇಳಿದೆ. ಸೋಮವಾರ ಮೂರೂವರೆಯಿಂದ ನಾಲ್ಕರವರೆಗೆ ಮನೇಲಿದ್ದವರು ಅಣ್ಣ, ಸಿಸ್ಟರ್, ನಾನು, ಮೂರೇ ಜನ. ನಾನು ಕನ್ನಡಕ ಮರೆತೆ ಅಂತ ಜಗಲಿಯಿಂದ ಒಂದ್ಸಲ ಎದ್ದು ಒಳಗೆ ಹೋಗಿದ್ದೆ, ಅಷ್ಟೇ. ಅವಳಂತೂ ಅಣ್ಣನ ಕುರ್ಚಿ ಬಿಟ್ಟು ಕದಲಲಿಲ್ಲ. ಆದ್ರೆ ಬೆಳಗಿನಿಂದ ಪೆಟ್ಟಿಗೆ ಅವಳ ಕೈಗೆ ಸಿಗೋ ಹಾಗೇ ಇತ್ತಲ್ಲ. ಅದಕ್ಕೆ ನಾನೇನು ಮಾಡಲಿ?"

"ಸೇದಿದ ಸಿಗಾರ್ ಒಣಗಿತ್ತಂತೆ," ಎಂದರು ಮೇಡಂ.

"ಪೆಟ್ಟಿಗೇನೇ ಒಣಗಿತ್ತೋ ಏನೋ. ಆ ಸೂಜಿ ಕೆಟ್ಟು ಎಷ್ಟೋ ವರ್ಷ ಆಯ್ತು. ಅಣ್ಣನ ಬೆರಳಿಗೂ ಸ್ಪರ್ಶ ಗೊತ್ತಾಗಲ್ಲ. ರೂಢಿಯ ಮೇಲೆ ದಿನಾ ಅದನ್ನೇ ಬರೀತಾನೆ."

ಹೊರಡುವಾಗ ಮೇಡಂ ಮಗಳನ್ನು ಕೇಳಿದರು: "ನಿಮ್ಮ ಗಂಡ ಬೆಳಿಗ್ಗೆ ಆ ಕೋಣೇಲಿ ಏನು ಮಾಡ್ತಿದ್ದರು?"

"ಅಪ್ಪನ ಹಳೇ ಕಾಗದಗಳ ಫೋಟೋ ತೆಗೀತಿದ್ರು. ಹಿಂದೆ ಅಪ್ಪ ಕ್ಯಾಪ್ಟನ್ ಆಗಿದ್ದಾಗ ಮುಳುಗಿದ ಹಡಗಿನ ವಿಚಾರಣೆ ಮತ್ತೆ ಶುರುವಾಗಿದೆ. ಶುಕ್ರವಾರ ಅಪ್ಪನ ಹೇಳಿಕೆ ತಗೊಳ್ಳೋಕೆ ಅಧಿಕಾರಿಗಳು ಬರೋರಿದ್ರು. ಹನ್ನೊಂದು ಜನ ಸತ್ರಲ್ಲ, ಅದೇ ಹಡಗು. ಜೀವರಕ್ಷಕ ದೋಣಿಗಳು ನೀರಿಗಿಳಿಸಿದ ತಕ್ಷಣ ಬಿರಿದುಹೋದವಂತೆ."

ಮೇಡಂ ಆ ತೇವಮಾಪಕವನ್ನು ಬಿಚ್ಚಿಕೊಂಡು ಮನೆಗೆ ತಂದರು. ಬಾಟಲಿ ಮುಚ್ಚಳವೊಂದರಲ್ಲಿ ಉಪ್ಪು ಹಾಕಿಸಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ಬಿಡಿಸಿದರು. ಅದನ್ನೂ ಮಾಪಕವನ್ನೂ ಗಾಜಿನ ಜಾಡಿಯಲ್ಲಿಟ್ಟು, ಬಿಗಿಯಾಗಿ ಮುಚ್ಚಿದೆ.

"ಒದ್ದೆ ಉಪ್ಪಿನ ಜೊತೆ ಮುಚ್ಚಿಟ್ಟ ಗಾಳಿಯ ತೇವ ಯಾವಾಗಲೂ ಎಪ್ಪತ್ತೈದರ ಹತ್ತಿರ ನಿಲ್ಲುತ್ತೆ, ಅಟೆಂಡ್ರೇ. ಉಪ್ಪಿಗೆ ಯಾರ ಮುಲಾಜೂ ಇಲ್ಲ."

ಮರುದಿನ ಮಧ್ಯಾಹ್ನದವರೆಗೆ ನಾನು ಆ ಜಾಡಿಯ ಮುಂದೆ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಸುಳಿದಾಡಿದೆ. ಸೂಜಿ ಕೆಟ್ಟಿದ್ದರೆ ಸಿಸ್ಟರ್ ಜೈಲಿಗೆ. ಎರಡು ಗಂಟೆಗೆ ಮೇಡಂ ಬಗ್ಗಿ ನೋಡಿ, ಸೆರಗಿನಿಂದ ಬೆವರು ಒರೆಸಿಕೊಂಡು, "ನಡೀರಿ" ಎಂದರು.

ಬುಧವಾರ ನಾಲ್ಕಕ್ಕೆ ಎಲ್ಲರೂ ಕ್ಯಾಪ್ಟನ್ನರ ಕೋಣೆಯಲ್ಲಿ ಸೇರಿದೆವು. ಮಗಳು, ಅಳಿಯ, ತಮ್ಮ, ಸಿಸ್ಟರ್. ಬಾಗಿಲಿಗೆ ಅಡ್ಡವಾಗಿ ಇನ್‌ಸ್ಪೆಕ್ಟರ್. ಅವರು ಮೇಡಂ ಕೈಯಲ್ಲಿ ಕಿವಿ ಹಿಂಡಿಸಿಕೊಂಡ ಹಳೆಯ ವಿದ್ಯಾರ್ಥಿ.

"ಎಲ್ಲರೂ ಪೆಟ್ಟಿಗೇನೇ ಹಿಡ್ಕೊಂಡು ಕೂತಿದ್ದೀರಿ," ಎಂದು ಮೇಡಂ ಶುರು ಮಾಡಿದರು. "ವಿಷದ ಸಿಗಾರ್ ಪೆಟ್ಟಿಗೆಯಿಂದ ಬಂದಿದ್ರೆ ಸಿಸ್ಟರ್ ಮೇಲೋ ಅಳಿಯಂದಿರ ಮೇಲೋ ಸಂಶಯ ಸರಿ. ಆದ್ರೆ ಅದು ಹೊತ್ತಿಸಿದಾಗ ಚರಚರ ಅಂತ ಬಿರಿಯಿತು. ಪೆಟ್ಟಿಗೇಲಿ ಉಳಿದಿದ್ದ ಹದಿನೇಳೂ ಬೆರಳಿಗೆ ಬೆಣ್ಣೆ ಹಾಗೆ ಸಿಗ್ತವೆ. ಸೂಜಿ ಕೆಟ್ಟಿದೆ ಅಂದ್ರಿ. ನೋಡಿ, ಉಪ್ಪಿನ ಜಾಡೀಲಿ ಎಪ್ಪತ್ತೈದಕ್ಕೆ ಏರಿದೆ. ಹೊರಗೆ ತೆಗೀತೀನಿ, ಇಳಿಯುತ್ತೆ. ಅಂದ್ರೆ ಸೂಜಿ ಸರಿಯಿದೆ, ಪೆಟ್ಟಿಗೆಯ ತೇವವೂ ಸರಿಯಿತ್ತು."

"ತಟ್ಟೆ ಮೇಲೆ ಒಣಗಿರಬಹುದು," ಎಂದರು ತಮ್ಮ.

"ಇವತ್ತು ಮೂರೂವರೆಗೆ ಅಟೆಂಡರು ಪೆಟ್ಟಿಗೆಯಿಂದ ತೆಗೆದಿಟ್ಟ ಸಿಗಾರ್ ತಟ್ಟೇಲೇ ಇದೆ. ಒತ್ತಿ ನೋಡಿ."

ಅವರು ಒತ್ತಲಿಲ್ಲ. ಇನ್‌ಸ್ಪೆಕ್ಟರ್ ಒತ್ತಿದರು. ಮೃದುವಾಗಿತ್ತು.

"ಹಾಗಾದ್ರೆ ಕ್ಯಾಪ್ಟನ್ ಮೂರೂವರೆಗೆ ತಟ್ಟೇಲಿಟ್ಟದ್ದು ಒಂದು, ನಾಲ್ಕಕ್ಕೆ ಸೇದಿದ್ದು ಇನ್ನೊಂದು. ಬದಲಾಗಿದ್ದು ಆ ಅರ್ಧ ಗಂಟೇಲಿ. ಅಳಿಯಂದಿರು ಆಗ ಸ್ಟುಡಿಯೊದಲ್ಲಿ ಮದುವೆ ಜೋಡಿಯೊಂದರ ಫೋಟೋ ತೆಗೀತಿದ್ರು, ಇನ್‌ಸ್ಪೆಕ್ಟರ್ ವಿಚಾರಿಸಿದಾರೆ. ಮಗಳು ಕೆಲಸದಲ್ಲಿದ್ದಳು. ಸಿಸ್ಟರ್ ಕುರ್ಚಿ ಬಿಟ್ಟು ಕದಲಲಿಲ್ಲ. ಇದು ನಿಮ್ಮದೇ ಹೇಳಿಕೆ. ನ್ಯಾಯವಂತರ ಹಾಗೆ ಕಾಣಿಸ್ಕೊಳ್ಳೋಕೆ ಹೋಗಿ ಅವಳನ್ನ ನೀವೇ ಬಿಡಿಸಿದಿರಿ. ಒಳಗೆ ಹೋದವರು ನೀವೊಬ್ಬರೇ."

ಎಲ್ಲರೂ ತಮ್ಮನ ಕಡೆ ತಿರುಗಿದರು.

"ಉಂಗುರದ ಮೇಲೆ ಅಣ್ಣನ ಕೈಬರಹ ಇತ್ತಲ್ಲ!" ಎಂದರು ತಮ್ಮ.

"ಇತ್ತು. ಅದಕ್ಕೇ ಪೊಲೀಸರೂ ಮೋಸ ಹೋದ್ರು. ಆದ್ರೆ ಇನ್‌ಸ್ಪೆಕ್ಟರ್ ತೋರಿಸಿದ ಅರ್ಧ ಸುಟ್ಟ ತುಂಡಿನ ಉಂಗುರದಲ್ಲಿರೋದು ಕಳೆದ ಮಾರ್ಚ್. ಮೇಲಿನ ಸಾಲು ಜೂನಿನದು. ಮಾರ್ಚಿನ ಪುಟ ಓದಿ ಅಟೆಂಡ್ರೇ."

ನಾನು ಓದಿದೆ: "ಹೊಸ ಐದು ಬಂದವು. ಐದೂ ತಮ್ಮನಿಗೆ ಕೊಟ್ಟೆ, ಹುಟ್ಟುಹಬ್ಬಕ್ಕೆ. ಪೆಟ್ಟಿಗೆ ಇಟ್ಟುಕೊಳ್ಳೋ ಅಂದರೆ ಕೇಳುವುದಿಲ್ಲ, ಜೇಬಲ್ಲೇ ಒಣಗಿಸುತ್ತಾನೆ."

ತಮ್ಮನ ಕೈ ಜೇಬಿಗೆ ಹೋಯಿತು. ಇನ್‌ಸ್ಪೆಕ್ಟರ್ ಒಂದೇ ಹೆಜ್ಜೆಗೆ ಆ ಕೈ ಹಿಡಿದರು. ಚರ್ಮದ ಚೀಲದಿಂದ ಮೂರು ಸಿಗಾರ್ ಹೊರಬಂದವು. ಎರಡರ ಮೇಲೆ ಮಾರ್ಚ್. ಒಂದರ ಮೇಲೆ ಜೂನ್.

"ಆ ಜೂನಿನದನ್ನ ಬಿಸಾಡೋದಲ್ವಾ ಚಿಕ್ಕಪ್ಪ," ಎಂದಳು ಮಗಳು, ಅವಳಿಗೇ ಅರಿವಿಲ್ಲದಂತೆ.

"ಅಣ್ಣ ಆರಿಸಿದ್ದು. ಬಿಸಾಡೋಕೆ ಕೈ ಬರಲಿಲ್ಲ." ಎಂದರು ತಮ್ಮ. "ಆ ದೋಣಿಗಳನ್ನ ನೋಡದೇನೇ ಸರಿಯಿವೆ ಅಂತ ಸಹಿ ಹಾಕಿದ್ದೆ. ಅಣ್ಣನಿಗೆ ಗೊತ್ತಿತ್ತು. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಈಗ ಸಾಯೋ ಮುಂಚೆ ಹೇಳಿಬಿಡ್ತೀನಿ ಅಂದ. ಕಾಲು ಹಿಡ್ಕೊಂಡೆ, ಕೇಳಲಿಲ್ಲ."

"ಸಿಸ್ಟರ್ ಕಾಲು ಹಿಡಿಯೋದು ಬಾಕಿ ಇದೆ," ಎಂದರು ಮೇಡಂ. ಅವರ ದನಿ ಅಷ್ಟು ಗಡುಸಾಗಿದ್ದದ್ದನ್ನು ನಾನು ತರಗತಿಯಲ್ಲೂ ಕೇಳಿರಲಿಲ್ಲ.

ಗುರುವಾರ ಬೆಳಿಗ್ಗೆ ಕ್ಯಾಪ್ಟನ್ನರಿಗೆ ಪ್ರಜ್ಞೆ ಬಂತು. ಮಗಳು ಎಲ್ಲವನ್ನೂ ಹೇಳಿದಳು. ಅವರು ಗೋಡೆಯ ಕಡೆ ತಿರುಗಿ, ಹೇಳಿಕೆಗೆ ಇನ್ನೊಂದು ದಿನ ಕೇಳು ಎಂದರಂತೆ.

ಮೂರು ವಾರದ ನಂತರ ವಿಚಾರಣೆಯ ಸಭಾಂಗಣದಲ್ಲಿ ನಾವೂ ಇದ್ದೆವು. ಮುಂದಿನ ಸಾಲಿನಲ್ಲಿ ಸತ್ತವರ ಮನೆಯವರು. ಸಿಸ್ಟರ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ತಮ್ಮನ ವಿಷಯದಿಂದ ಶುರು ಮಾಡಿ ಎಂದು ಅಧಿಕಾರಿ ಹೇಳಿದರು.

"ಇಲ್ಲ," ಎಂದರು ಕ್ಯಾಪ್ಟನ್. "ಅವನು ನೋಡದೆ ಸಹಿ ಹಾಕಿದ. ನಾನು ದೋಣಿ ಕೆಟ್ಟಿರೋದನ್ನ ನೋಡಿಯೂ ಹಡಗು ಹೊರಡಿಸಿದೆ. ಮೊದಲು ನನ್ನದನ್ನ ಬರ್ಕೊಳ್ಳಿ."

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಬೈಯುತ್ತಾಳೆಂದು ನಾನು ಕಾದೆ. ಅವಳು ಕ್ಯಾಪ್ಟನ್ ಹೇಳಿ ಮುಗಿಸುವವರೆಗೂ ನಿಂತೇ ಇದ್ದಳು.