ಕುಸ್ತೋದಿಯಾ ಅಮ್ಮನ ಬಿಳಿ ಲಂಗ

ಬಯಿಯಾ ಎಂಬ ಬಂದರೂರಿನ ಗುಲಾಮರ ಸಂತೆಯಲ್ಲಿ ನನ್ನನ್ನು ಕೊಂಡ ಕುಸ್ತೋದಿಯಾ ಅಮ್ಮನೂ ಗುಲಾಮಳಾಗಿ ಹುಟ್ಟಿದವಳೇ. ಮೀನು ಮಾರಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಳು. ಮೂರು ಮನೆ ಕಟ್ಟಿಸಿ, ಪಾದ್ರಿಗಳೂ ಎದ್ದು ನಿಲ್ಲುವ ಹಾಗೆ ಬಾಳಿದಳು. ಸಂಕೋಲೆಯ ಕಲೆ ಅವಳ ಕಾಲಲ್ಲೂ ಇತ್ತು, ಆದರೂ ನನ್ನನ್ನೂ ಅಡುಗೆಯ ಜೆಸುಯಿನಕ್ಕನನ್ನೂ ಬಿಡುಗಡೆ ಮಾಡಲಿಲ್ಲ. ‘ನಾನು ಸಾಯುವವರೆಗೆ ಸೇವೆ ಮಾಡಿದರೆ ಫೆಲಿಜಾರ್ದಾ ಸ್ವತಂತ್ರಳು’ ಎಂದು ನನ್ನ ಹೆಸರಿಗೆ ಪತ್ರ ಬರೆಸಿಟ್ಟಳು.

ಕೊನೆಗೂ ಸತ್ತಳು. ಗಂಜಿ ಹಾಕಿದ ಬಿಳಿ ಲಂಗವನ್ನು ಹೆಣಕ್ಕೆ ತೊಡಿಸಿದವಳು ನಾನೇ. ಪೆಟ್ಟಿಗೆಗೆ ಮೊಳೆ ಹೊಡೆದದ್ದನ್ನು ಕಣ್ಣಾರೆ ಕಂಡೆ. ಬಿಡುಗಡೆಯ ಪತ್ರಕ್ಕೆ ಮೊಹರು ಹಾಕಿಸಲು ಸೋಮವಾರ ಬಾ ಎಂದರು ಕಚೇರಿಯವರು.

ಶುಕ್ರವಾರ ಮಧ್ಯಾಹ್ನ ಮೈಲಿಗೆ ಬಟ್ಟೆಯ ಬುಟ್ಟಿಯಲ್ಲಿ ಅದೇ ಲಂಗ ಬಿದ್ದಿತ್ತು. ಸೊಂಟದ ಪಟ್ಟಿ ಬೆವರಿಗೆ ಒದ್ದೆಯಾಗಿತ್ತು, ಇನ್ನೂ ಬೆಚ್ಚಗಿತ್ತು.

“ಜೆಸುಯಿನಕ್ಕಾ, ಇದನ್ನ ಹೂತಿದ್ವಲ್ಲಾ?” ಎಂದು ಅಡುಗೆಯವಳನ್ನು ಕೂಗಿದೆ.

“ನಮ್ಮನ್ನ ಕೊಂಡ್ಮೇಲೆ ಒಂದಿನಾನೂ ಬೆವರದೋಳು ಈಗ ಬೆವರ್ತಿದಾಳಲ್ಲೇ!” ಎಂದು ನಕ್ಕವಳು ಲಂಗ ಮುಟ್ಟಿದ್ದೇ ತಡ, ನಗು ನಿಲ್ಲಿಸಿದಳು. “ಒಗೀಬೇಡ ಕಣೇ. ಒಗೆದ್ರೆ ನಿನ್ನ ಸೇವೆ ಮುಗ್ದಿಲ್ಲ ಅಂತಾಗತ್ತೆ.”

ನಾನು ಒಗೆಯಲಿಲ್ಲ, ಬುಟ್ಟಿಯಲ್ಲೇ ಬಿಟ್ಟೆ. ಸೋಮವಾರ ಮೊಹರು ಬಿತ್ತು. ಬಂದರಿನ ಹತ್ತಿರ ಒಂದು ಕೋಣೆ ಹಿಡಿದು, ಬಾಗಿಲಿಗೆ ನನ್ನದೇ ಬೀಗ ಹಾಕಿದೆ.

ಮುಂದಿನ ಶುಕ್ರವಾರ ಊಟ ಮಾಡಿ ಅಡ್ಡಾದೆ. ಎಚ್ಚರವಾದಾಗ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಹರವಿದ್ದ ಆ ಲಂಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲಿಗೆ ಒಳಗಿನಿಂದ ಹಾಕಿದ ಬೀಗ ಹಾಗೇ ಇತ್ತು.

ಆ ವಾರ ನಾನು ಬಟ್ಟೆ ಒಗೆದಿರಲಿಲ್ಲ, ಬಟ್ಟೆಗೆಂದು ಗಂಜಿಯನ್ನೂ ಕಾಯಿಸಿರಲಿಲ್ಲ. ಆದರೂ ನನ್ನ ಬೆರಳ ಸಂದಿಗಳಲ್ಲಿ ಗಂಜಿ ಒಣಗಿ ಬೆಳ್ಳಗೆ ಹಿಡಿದುಕೊಂಡಿತ್ತು.